85 ಎಂಎಂ ಸ್ಟಿಚ್, 35 ಎಫ್/1.4, ಫೋನಿನ ಪೋರ್ಟ್ರೇಟ್ ಮೋಡ್: ಅಡಿಕೆ ತೋಟದಲ್ಲಿ ನಿಲ್ಲಿಸಿ ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಹಿನ್ನೆಲೆ ಇನ್ನಷ್ಟು ಮಸುಕಾಗಲಿ ಅನ್ನುವ ಆಸೆ ಮಾತ್ರ ಇದ್ದರೆ ಹತ್ತಿಪ್ಪತ್ತು ಫೋಟೋ ತೆಗೆದು ಸ್ಟಿಚ್ ಮಾಡುವ (ಒಂದೇ ದೊಡ್ಡ ಚಿತ್ರವಾಗಿ ಜೋಡಿಸುವ) ಕಷ್ಟ ಬೇಡ. ಅದಕ್ಕೆ 85 ಎಂಎಂ ಲೆನ್ಸಿನ ಒಂದು ಕ್ಲಿಕ್ ಸಾಕು. ಸ್ಟಿಚ್ ಮಾಡುವುದು ಜಾಗಕ್ಕಾಗಿ. ಮನುಷ್ಯರ ಸುತ್ತಲಿನ ತೋಟ, ಕಾಲುದಾರಿ, ಮೇಲಿನ ಸೋಗೆ ಎಲ್ಲ ಫ್ರೇಮಿನೊಳಗೆ ಬರಬೇಕು, ಆದರೂ ನೋಡುವವರ ಕಣ್ಣು ಸೀದಾ ಆ ಮುಖದ ಮೇಲೆ ಹೋಗಿ ನಿಲ್ಲಬೇಕು ಅಂದರೆ ಮಾತ್ರ ಈ ದಾರಿ ಹಿಡಿಯಿರಿ.

ನ್ಯೂಯಾರ್ಕಿನ ಮದುವೆ ಫೋಟೋಗ್ರಾಫರ್ ರಯಾನ್ ಬ್ರೆನೈಜರ್ ಇದನ್ನು ಜನಪ್ರಿಯ ಮಾಡಿದರು. ಅದಕ್ಕೇ ಇದನ್ನು ಬ್ರೆನೈಜರ್ ಮೆಥಡ್ ಅನ್ನುತ್ತಾರೆ. ಬೊಕೆ (ಹಿನ್ನೆಲೆಯ ಮಸುಕಿನ ಅಂದ) ಪನೋರಮಾ ಅನ್ನುವವರೂ ಇದ್ದಾರೆ. ಕೆಲಸ ಇಷ್ಟೇ: ಉದ್ದನೆಯ ಲೆನ್ಸ್ (ಎಂಎಂ ಅಂಕಿ ದೊಡ್ಡದು, ಒಮ್ಮೆಗೆ ಕಾಣುವ ಅಗಲ ಕಡಿಮೆ) ಹಾಕಿ, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಪೂರ್ತಿ ತೆರೆದು, ಒಂದೇ ಕಡೆ ನಿಂತು, ಎದುರಿನ ದೃಶ್ಯವನ್ನು ತುಂಡು ತುಂಡಾಗಿ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಒಟ್ಟು ಸೇರಿಸುವುದು.

ನಾನು ಪ್ರಯತ್ನಿಸಿದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಚಿಕ್ಕಮ್ಮನ ಮನೆಯ ಅಡಿಕೆ ತೋಟದಲ್ಲಿ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ. ಮರಗಳು ಸುಮಾರು ಒಂಬತ್ತಡಿಗೊಂದರಂತೆ ಸಾಲಾಗಿ ನಿಂತಿರುತ್ತವೆ, ಹಾಗಾಗಿ ಮಸುಕು ಮೊದಲ ಸಾಲಿನಿಂದ ಐದನೆಯ ಸಾಲಿಗೆ ಹೇಗೆ ಏರುತ್ತದೆ ಅನ್ನುವುದು ಅಳತೆಪಟ್ಟಿ ಹಿಡಿದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಸೋಗೆಯ ಸಂದಿಯಿಂದ ಬೀಳುವ ಬೆಳಕಿನ ಚುಕ್ಕಿಗಳಿಂದ ಬೊಕೆಯ ಆಕಾರವೂ ತಿಳಿಯುತ್ತದೆ. ಚಿಕ್ಕಮ್ಮ ಸುಮಾರು ನಾಲ್ಕು ಮೀಟರ್ ದೂರದಲ್ಲಿ, ಒಂದೇ ಜಾಗದಲ್ಲಿ ನಿಂತಿದ್ದರು. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಇರುವ), 24 ಮೆಗಾಪಿಕ್ಸೆಲ್ ಕ್ಯಾಮೆರಾ. ನನ್ನದೇ 85 ಎಫ್/1.8 ಮತ್ತು 50 ಎಫ್/1.8, ಬಾಡಿಗೆಗೆ ತಂದ 35 ಎಫ್/1.4, ಜೊತೆಗೆ ಜೇಬಿನಲ್ಲಿದ್ದ ಫೋನ್.

ಫಲಿತಾಂಶಕ್ಕೆ ಮುಂಚೆ ಒಂದು ಲೆಕ್ಕ. ಇದು ಗೊತ್ತಿದ್ದರೆ ಲೆನ್ಸ್ ಅಂಗಡಿಯಲ್ಲಿ ಯಾರ ಮಾತನ್ನೂ ಸುಮ್ನೆ ನಂಬಬೇಕಾಗಿಲ್ಲ. ಫೋಕಲ್ ಲೆಂತನ್ನು (85, 50, 35 ಅನ್ನುವ ಎಂಎಂ ಅಂಕಿ) ಎಫ್ ಸಂಖ್ಯೆಯಿಂದ (ಎಫ್/ ಆದ ಮೇಲೆ ಬರುವ 1.8, 1.4) ಭಾಗಿಸಿ, ಅಪರ್ಚರ್ ಎಷ್ಟು ಅಗಲ ತೆರೆದಿದೆ ಅನ್ನುವುದು ಸಿಗುತ್ತದೆ. 85 ಎಫ್/1.8ಕ್ಕೆ ಇದು 47 ಮಿಲಿಮೀಟರ್. 50 ಎಫ್/1.8ಕ್ಕೆ ಸುಮಾರು 28. 35 ಎಫ್/1.4ಕ್ಕೆ ಬರೀ 25. ಫೋನಿನ ಮುಖ್ಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 4ರ ಆಸುಪಾಸು. ಬಹಳ ದೂರದ ಒಂದು ದೀಪ, ಮನುಷ್ಯರ ಮುಖದ ಪಕ್ಕದಲ್ಲಿ ಎಷ್ಟು ದೊಡ್ಡ ಬಿಲ್ಲೆಯಾಗಿ ಕಾಣುತ್ತದೆ ಅಂದರೆ, ಸರಿಯಾಗಿ ಈ ಅಗಲದಷ್ಟೇ! 85ರಲ್ಲಿ ಮುಖದ ಮೂರನೇ ಒಂದು ಭಾಗದಷ್ಟು ದೊಡ್ಡದು, 35ರಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಫೋನಿನಲ್ಲಿ ಒಂದು ಚುಕ್ಕಿ. ಹಿನ್ನೆಲೆ ಹತ್ತಿರ ಬಂದಷ್ಟೂ ಬಿಲ್ಲೆ ಚಿಕ್ಕದಾಗುತ್ತದೆ, ಆದರೆ ಲೆನ್ಸುಗಳ ನಡುವಿನ ಅನುಪಾತ ಬದಲಾಗುವುದಿಲ್ಲ.

ಈಗ 35 ಎಫ್/1.4. ಒಂದೇ ಕ್ಲಿಕ್, ಚಿಕ್ಕಮ್ಮ ನಗುತ್ತಿದ್ದ ಕ್ಷಣವೇ ಸಿಕ್ಕಿತು. ತೋಟವೂ ಬಂತು, ಮುಖವೂ ಚೂಪಾಗಿ ಬಂತು. ಆದರೆ ಹಿಂದಿನ ಮೊದಲೆರಡು ಸಾಲಿನ ಮರಗಳು ಇನ್ನೂ ಗಟ್ಟಿಯಾಗಿ ಮರಗಳಾಗಿಯೇ ನಿಂತಿದ್ದವು, ತೊಗಟೆಯ ಉಂಗುರಗಳನ್ನು ಎಣಿಸಬಹುದಿತ್ತು. ಚೆನ್ನಾಗಿಲ್ಲ ಅಂತ ಅಲ್ಲ. ಮಾಮೂಲಿ ಒಳ್ಳೆಯ ಫೋಟೋ.

ಅದೇ ಜಾಗದಿಂದ 85ರಲ್ಲಿ ತೆಗೆದು, 35 ಎಂಎಂನಷ್ಟೇ ಅಗಲ ಬರುವ ಹಾಗೆ ಸ್ಟಿಚ್ ಮಾಡಿದ್ದನ್ನು ಪಕ್ಕದಲ್ಲಿಟ್ಟಾಗ ನನಗೆ ನಿಜಕ್ಕೂ ಮಾತು ನಿಂತುಹೋಯಿತು. ಮೊದಲ ಸಾಲಿನ ಮರಗಳೇ ಕರಗಲು ಶುರುವಾಗಿದ್ದವು, ಮೂರನೆಯದರ ಹೊತ್ತಿಗೆ ಹಸಿರು ಬೂದು ಬಣ್ಣದ ಪಟ್ಟೆಗಳು ಮಾತ್ರ, ಆದರೂ ಅದು ಅಡಿಕೆ ತೋಟ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಚಿಕ್ಕಮ್ಮ ಮಾತ್ರ ಅದರ ಮುಂದೆ ಬಿಡಿಸಿಟ್ಟ ಹಾಗೆ ನಿಂತಿದ್ದರು. ಲೆಕ್ಕದಲ್ಲಿ ಇದು 35 ಎಂಎಂ ಎಫ್/0.74 ಲೆನ್ಸಿಗೆ ಸಮ. 85ನ್ನು 35ರಿಂದ ಭಾಗಿಸಿದರೆ 2.43, ಎಫ್ 1.8ನ್ನು ಅದೇ 2.43ರಿಂದ ಭಾಗಿಸಿದರೆ 0.74, ಅಷ್ಟೇ. ಝೈಸ್ ಕಂಪನಿ 1960ರ ದಶಕದಲ್ಲಿ ನಾಸಾಕ್ಕಾಗಿ 50 ಎಂಎಂ ಎಫ್/0.7 ಲೆನ್ಸನ್ನು ಬೆರಳೆಣಿಕೆಯಷ್ಟು ಮಾಡಿತ್ತು. ಫುಲ್ ಫ್ರೇಮಿಗೆ 35 ಎಂಎಂನಲ್ಲಿ ಅಂಥದ್ದನ್ನು ನಾವು ಅಂಗಡಿಯಲ್ಲಿ ಕೊಳ್ಳುವ ಮಾತೇ ಇಲ್ಲ. ಈ ನೋಟ ನಿಜವಾಗಿ ಸಿಗುತ್ತಿದ್ದದ್ದು ದೊಡ್ಡ ಫಿಲ್ಮ್ ಹಾಳೆ ಹಾಕುವ 4×5 ಇಂಚಿನ ಕ್ಯಾಮೆರಾಗಳಲ್ಲಿ. ಸ್ಟಿಚ್ ಮಾಡುವಾಗ ನಾವು ಮಾಡುತ್ತಿರುವುದೂ ಅದನ್ನೇ, ಸಣ್ಣ ಸೆನ್ಸರ್‌ಗಳನ್ನು ಜೋಡಿಸಿ ದೊಡ್ಡದೊಂದು ಸೆನ್ಸರ್ ಕಟ್ಟುತ್ತಿದ್ದೇವೆ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ನಾಲ್ಕು ಮೀಟರ್ ದೂರದಿಂದ ಈ ಅಗಲ ತುಂಬಲು ಹದಿನೈದರಿಂದ ಇಪ್ಪತ್ತು ಫ್ರೇಮ್ ಬೇಕು. ಅಷ್ಟು ಹೊತ್ತು ಗಾಳಿ ನಿಲ್ಲುವುದಿಲ್ಲ. ದೂರದ ಸೋಗೆ ಅಲ್ಲಾಡಿದರೆ ಮಸುಕಿನಲ್ಲಿ ಮುಚ್ಚಿಹೋಗುತ್ತದೆ, ಹತ್ತಿರದ ಬಾಳೆ ಎಲೆ ಅಲ್ಲಾಡಿದರೆ ಎರಡೆರಡಾಗಿ ಕಾಣುತ್ತದೆ. ಇನ್ನೊಂದು, ಪೂರ್ತಿ ತೆರೆದ ಅಪರ್ಚರಿನಲ್ಲಿ ಪ್ರತಿ ಫ್ರೇಮಿನ ಮೂಲೆಯ ಬೆಳಕಿನ ಬಿಲ್ಲೆಗಳು ದುಂಡಗಿರುವುದಿಲ್ಲ, ಬೆಕ್ಕಿನ ಕಣ್ಣಿನ ಆಕಾರಕ್ಕೆ ಬರುತ್ತವೆ. ಸ್ಟಿಚ್ ಮಾಡಿದಾಗ ಈ ಓರೆ ಬಿಲ್ಲೆಗಳು ಚಿತ್ರದ ನಡುವೆ ಎಲ್ಲೆಲ್ಲೋ ಬಂದು ಕೂರುತ್ತವೆ, ಅದೂ ಒಂದೊಂದು ಒಂದೊಂದು ದಿಕ್ಕಿಗೆ. ಕಣ್ಣಿಗೆ ಚುಚ್ಚುವಷ್ಟಲ್ಲ, ಆದರೆ ಒಮ್ಮೆ ಕಂಡರೆ ಪದೇ ಪದೇ ಅದೇ ಕಾಣುತ್ತದೆ. ಅರ್ಧದಷ್ಟು ಓವರ್‌ಲ್ಯಾಪ್ ಇಟ್ಟರೆ, ಅಂದರೆ ಪಕ್ಕದ ಫ್ರೇಮಿನ ಅರ್ಧ ಇದರಲ್ಲೂ ಬರುವಂತೆ ತೆಗೆದರೆ, ಪ್ರತಿ ಫ್ರೇಮಿನ ನಡುಭಾಗವೇ ಬಳಕೆಯಾಗಿ ಇದು ಬಹಳ ಕಡಿಮೆಯಾಗುತ್ತದೆ.

ಫೋಕಸಿನ ವಿಷಯ ಇದೆಲ್ಲಕ್ಕಿಂತ ಮುಖ್ಯ, ಮತ್ತು ಇದನ್ನು ಹೇಳಿಕೊಡುವವರು ಕಡಿಮೆ. ಒಂದೇ ಕ್ಲಿಕ್ಕಿನ ಫೋಟೋದಲ್ಲಿ ಚೂಪಾಗಿರುವ ಜಾಗ ಗೋಡೆಯಂತೆ ಚಪ್ಪಟೆ. ಕ್ಯಾಮೆರಾ ತಿರುಗಿಸುತ್ತಾ ತೆಗೆದಾಗ ಅದು ನಮ್ಮ ಸುತ್ತ ಬಾಗಿರುತ್ತದೆ. 4 ಮೀಟರ್ ದೂರದಲ್ಲಿ ನಾಲ್ಕೈದು ಜನರನ್ನು ನೇರ ಸಾಲಿನಲ್ಲಿ ನಿಲ್ಲಿಸಿದರೆ, 35 ಎಂಎಂ ಅಗಲದ ಕೊನೆಯಲ್ಲಿ ನಿಂತವರು ನಮ್ಮಿಂದ ಸುಮಾರು ನಾಲ್ಕೂವರೆ ಮೀಟರ್ ದೂರದಲ್ಲಿರುತ್ತಾರೆ. 85 ಎಫ್/1.8ಕ್ಕೆ ಅಲ್ಲಿ ಸಿಗುವ ಡೆಪ್ತ್ (ಚೂಪಾಗಿ ಕಾಣುವ ಆಳ) ಹಿಂದೆ ಮುಂದೆ 12 ಸೆಂಟಿಮೀಟರ್‌ನಷ್ಟು ಮಾತ್ರ. ಅವರು ಮಸುಕಾಗದೆ ಇರಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಾಗಿ ಗುಂಪು ಫೋಟೋ ಆದರೆ ಎಲ್ಲರನ್ನೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ, ಕಮಾನಿನಂತೆ ನಿಲ್ಲಿಸಿ.

50 ಎಫ್/1.8 ಬಗ್ಗೆ ನನಗೆ ಹೆಚ್ಚು ನಿರೀಕ್ಷೆ ಇರಲಿಲ್ಲ, ಆದರೆ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. 35ರ ಅಗಲಕ್ಕೆ ನಾಲ್ಕರಿಂದ ಆರು ಫ್ರೇಮ್ ಸಾಕು, ಕೆಲವೇ ಸೆಕೆಂಡಿನ ಕೆಲಸ. ಸಿಗುವುದು ಎಫ್/1.26ಕ್ಕೆ ಸಮನಾದ ನೋಟ. ಅಂದರೆ ಬಹುತೇಕ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಅಗ್ಗದ ಸಾಲಿನಲ್ಲಿರುವ ಈ ಲೆನ್ಸು, ಬಾಡಿಗೆಗೆ ತಂದ 35 ಎಫ್/1.4ನ್ನು ಮಸುಕಿನಲ್ಲಿ ಸ್ವಲ್ಪ ಹಿಂದೆ ಹಾಕಿತು! ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಸಣ್ಣದು, ಆದರೆ ಬೆಲೆ ನೆನೆಸಿಕೊಂಡರೆ ಖುಷಿಯಾಗುತ್ತದೆ.

ಫೋನಿನ ಪೋರ್ಟ್ರೇಟ್ ಮೋಡ್ ಬಗ್ಗೆ ಬೇಗ ಮುಗಿಸುತ್ತೇನೆ. 4 ಮಿಲಿಮೀಟರ್ ಅಪರ್ಚರ್ ನಿಜವಾದ ಮಸುಕು ಕೊಡಲಾರದು, ಹಾಗಾಗಿ ಫೋನ್ ಯಾವುದು ಮುಂದೆ ಯಾವುದು ಹಿಂದೆ ಅಂತ ಅಂದಾಜು ಮಾಡಿ ಮಸುಕನ್ನು ಆಮೇಲೆ ಬಳಿಯುತ್ತದೆ. ಮುಖದ ಹತ್ತಿರದ ಫೋಟೋಗೆ ಈಗಿನ ಫೋನುಗಳು ತುಂಬಾ ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಚಿಕ್ಕಮ್ಮನ ಮುಡಿಯ ಮಲ್ಲಿಗೆ ಅರ್ಧ ಚೂಪು ಅರ್ಧ ಮಸುಕು, ಸೊಂಟದ ಮೇಲಿಟ್ಟ ಕೈಯ ಸಂದಿಯಲ್ಲಿ ಕಾಣುವ ತೋಟ ಮಾತ್ರ ಸ್ಪಷ್ಟ. ಮರಗಳ ಸಾಲು ಮೆಲ್ಲಗೆ ಕರಗುತ್ತಾ ಹೋಗುವ ಬದಲು ಎಲ್ಲ ಒಂದೇ ಸಮ ಮಸುಕಾಗಿತ್ತು. ಪೂರ್ತಿ ಆಳು ನಿಂತ ಅಗಲದ ಫೋಟೋಗೆ ನಾನು ಇದನ್ನು ಬಳಸುವುದಿಲ್ಲ.

ತೆಗೆಯುವ ಕ್ರಮ ಹೀಗೆ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಮ್ಯಾನ್ಯುವಲ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಒಂದು ಕಡೆ ಕಟ್ಟಿಹಾಕಿ, ಕಣ್ಣಿಗೆ ಫೋಕಸ್ ಮಾಡಿ ಆಟೋಫೋಕಸ್ ಆಫ್ ಮಾಡಿಬಿಡಿ. ಮನುಷ್ಯರಿರುವ ಫ್ರೇಮುಗಳನ್ನು ಮೊದಲು ಬೇಗ ಬೇಗ ತೆಗೆಯಿರಿ, ಮುಖ ಒಂದೇ ಫ್ರೇಮಿನೊಳಗೆ ಪೂರ್ತಿ ಬರಲಿ. ಆಮೇಲೆ ಅವರನ್ನು ಆರಾಮಾಗಿರಿ ಅಂದು ಸುತ್ತಲಿನದ್ದನ್ನು ಸಾಲು ಸಾಲಾಗಿ ತುಂಬಿ. ಕ್ಯಾಮೆರಾವನ್ನು ಲಂಬವಾಗಿ, ಫ್ರೇಮಿನ ಉದ್ದ ಮೇಲೆ ಕೆಳಗೆ ಬರುವಂತೆ ಹಿಡಿಯಿರಿ. ಎಡಗೈ ಲೆನ್ಸಿನ ಕೆಳಗಿರಲಿ, ಆ ಕೈಯ ಮೇಲೇ ಕ್ಯಾಮೆರಾ ತಿರುಗಲಿ. ನಾವು ಸೊಂಟದಿಂದ ತಿರುಗಿದರೆ ಕ್ಯಾಮೆರಾ ಪಕ್ಕಕ್ಕೆ ಸರಿದು ಹತ್ತಿರದ ವಸ್ತುಗಳು ಹಿಂದಿನವುಗಳಿಗೆ ಹೊಂದದೆ ಹೋಗುತ್ತವೆ. ಟ್ರೈಪಾಡ್ ಬೇಕೇ ಬೇಕು ಅಂತೇನಿಲ್ಲ. ಕೈಯಲ್ಲಿ ಹಿಡಿದೇ ನನಗೆ ಒಳ್ಳೆಯ ಫಲ ಸಿಕ್ಕಿದೆ.

ಇನ್ನು ಸೇರಿಸುವ ಸಾಫ್ಟ್‌ವೇರ್. ಇಲ್ಲಿ ಎಲ್ಲದಕ್ಕೂ ಇರುವ ಕಷ್ಟ ಒಂದೇ: ಎರಡು ಫ್ರೇಮುಗಳಲ್ಲಿ ಒಂದೇ ಗುರುತು ಹುಡುಕಿ ಜೋಡಿಸುವುದು ಇವುಗಳ ಕೆಲಸ, ನಾವೋ ಗುರುತೇ ಸಿಗದಷ್ಟು ಮಸುಕು ಮಾಡಿಟ್ಟಿರುತ್ತೇವೆ. ಬರೀ ಹಸಿರಿರುವ ಮೇಲಿನ ಮೂಲೆಯ ಫ್ರೇಮುಗಳು ಹೊರಗುಳಿಯುವುದು ಅದಕ್ಕೇ.

ಲೈಟ್‌ರೂಮ್ ಕ್ಲಾಸಿಕ್ ಅತಿ ಸಲೀಸು. ಲೆನ್ಸಿನ ಮೂಲೆಗತ್ತಲನ್ನು ಸರಿಮಾಡಿ ಸೇರಿಸುತ್ತದೆ, ಕೊನೆಗೆ ಸಿಗುವುದು ಡಿಎನ್‌ಜಿ ಅನ್ನುವ ಬಗೆಯ ಫೈಲ್, ಹಾಗಾಗಿ ಬಣ್ಣ ಬೆಳಕನ್ನು ಆಮೇಲೂ ರಾ ಫೈಲಿನಂತೆ (ಕ್ಯಾಮೆರಾದ ಮೂಲ ಫೈಲ್) ತಿದ್ದಬಹುದು. ಅಂಚುಗಳನ್ನು ಎಳೆದು ಚೌಕಟ್ಟು ತುಂಬಿಸುವ ಬೌಂಡರಿ ವಾರ್ಪ್ ಸ್ಲೈಡರ್ ಇದೆ, ಅಡಿಕೆ ಮರಗಳಿರುವ ಚಿತ್ರದಲ್ಲಿ ಅದನ್ನು ಜಾಸ್ತಿ ಎಳೆಯಬೇಡಿ, ನೆಟ್ಟಗಿನ ಕಾಂಡ ಬಿಲ್ಲಿನಂತೆ ಬಾಗುತ್ತದೆ. ಕೈಯಾರೆ ಗುರುತು ಹಾಕಿಕೊಡುವ ಅವಕಾಶ ಇದರಲ್ಲಿ ಇಲ್ಲ. ಫೋಟೋಶಾಪಿನ ಫೋಟೋಮರ್ಜ್‌ನಲ್ಲಿ ಪ್ರತಿ ಫ್ರೇಮೂ ಬೇರೆ ಲೇಯರಾಗಿ (ಪದರವಾಗಿ), ಎಷ್ಟು ಭಾಗ ಕಾಣಬೇಕು ಅನ್ನುವ ಮಾಸ್ಕಿನೊಂದಿಗೆ ಬರುತ್ತದೆ. ಕೈಬೆರಳ ಮೇಲೆ, ಸೀರೆಯ ಅಂಚಿನ ಮೇಲೆ ಜೋಡಣೆ ಬಿದ್ದಿದ್ದರೆ ಬ್ರಷ್ ಹಿಡಿದು ಅದನ್ನು ಪಕ್ಕದ ಮಸುಕಿಗೆ ಸರಿಸಿಬಿಡಬಹುದು. ನಾನು ಮುಖ್ಯವಾದ ಫೋಟೋಗಳಿಗೆ ಇದಕ್ಕೇ ಬರುತ್ತೇನೆ.

ದುಡ್ಡು ಕೊಡದೆ ಆಗಬೇಕು ಅಂದರೆ ಹ್ಯೂಗಿನ್ ಇದೆ. ಮೊದಲ ಸಲ ತೆರೆದಾಗ ಹೆದರಿಕೆಯಾಗುವಷ್ಟು ಬಟನ್‌ಗಳು. ಆದರೆ ಉಳಿದೆರಡು ಕೈಬಿಟ್ಟ ಫ್ರೇಮುಗಳನ್ನು ಕೂಡ ಇದರಲ್ಲಿ ಉಳಿಸಿಕೊಳ್ಳಬಹುದು, ಯಾಕೆಂದರೆ ಈ ಬಿಲ್ಲೆ ಆ ಬಿಲ್ಲೆ ಒಂದೇ ಅಂತ ಕಂಟ್ರೋಲ್ ಪಾಯಿಂಟ್‌ಗಳನ್ನು ನಾವೇ ಇಡಬಹುದು. ಎರಡು ಮೂರು ಮರಗಳ ಬುಡಕ್ಕೂ ತುದಿಗೂ ಗುರುತಿಟ್ಟು ಇವು ನೆಟ್ಟಗಿನ ಗೆರೆಗಳು ಅಂತ ಹೇಳಿದರೆ ಇಡೀ ತೋಟ ನೆಟ್ಟಗಾಗುತ್ತದೆ. ತಾಳ್ಮೆ ಇರುವವರಿಗೆ ಇದು ಚಿನ್ನ. ಪಿಟಿಗುಯ್ ಕೂಡ ಇದೇ ದಾರಿಯದು, ಬಳಸಲು ಹ್ಯೂಗಿನ್‌ಗಿಂತ ಸುಲಭ, ಆದರೆ ದುಡ್ಡು ಕೊಡಬೇಕು.

ಓಡಾಡುವ ಮಕ್ಕಳು, ಮದುವೆ ಮನೆಯ ಗಡಿಬಿಡಿ ಇದ್ದರೆ ನಾನು ಕಣ್ಣುಮುಚ್ಚಿ 35 ಎಫ್/1.4 ಹಾಕುತ್ತೇನೆ. ಮುಹೂರ್ತ ಮುಗಿದ ಮೇಲೆ ಹುಡುಗ ಹುಡುಗಿ ಹತ್ತು ನಿಮಿಷ ಬಿಡುವಾಗಿ ಸಿಕ್ಕರೆ 85 ಹಾಕಿ ಸ್ಟಿಚ್ ಮಾಡುತ್ತೇನೆ. ಒಬ್ಬೊಬ್ಬರ ನಿಧಾನದ ಪೋರ್ಟ್ರೇಟಿಗೂ ಅದೇ. ಸೇರಿಸಿದ ಫೈಲ್ 140 ಮೆಗಾಪಿಕ್ಸೆಲ್ ದಾಟುತ್ತದೆ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ನಾಲ್ಕಡಿ ಅಗಲದ ಪ್ರಿಂಟ್ ಬರುತ್ತದೆ. ಅಷ್ಟು ದೊಡ್ಡದು ಬೇಡ ಅನ್ನುವವರು, ಕಂಪ್ಯೂಟರಿನಲ್ಲಿ 8 ಜಿಬಿ ರ‍್ಯಾಮ್ ಮಾತ್ರ ಇರುವವರು, ಫ್ರೇಮುಗಳನ್ನು ಮೊದಲು ಅರ್ಧ ಅಳತೆಯ ಜೆಪೆಗ್ ಮಾಡಿಕೊಂಡು ಆಮೇಲೆ ಸೇರಿಸಿ. ಗೋಡೆಗೆ ಹಾಕುವ ಎರಡಡಿ ಪ್ರಿಂಟಿಗೆ ಅದು ಧಾರಾಳ ಸಾಕು.