ವಿಂಡೋಸ್ 11ಕ್ಕೆ ಹೊರಟ ಆಫೀಸಿಗೆ ಡಬ್ಲ್ಯೂಎಸ್‌ಯುಎಸ್ಸೋ, ಇಂಟ್ಯೂನೋ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಉಡುಪಿಯ ಕಾಲೇಜ್ ಲ್ಯಾಬೋ, ಮಂಗಳೂರಿನ ಆಫೀಸೋ, ಐವತ್ತು ಕಂಪ್ಯೂಟರ್‌ಗೂ ಪೆನ್‌ಡ್ರೈವ್ ಹಿಡಿದು ಓಡಾಡುವುದು ಸುಮ್ನೆ ದಂಡ. ಎಲ್ಲಕ್ಕೂ ಒಂದೇ ಕಡೆಯಿಂದ ವಿಂಡೋಸ್ 11 ಕಳಿಸಲು ಮೈಕ್ರೋಸಾಫ್ಟ್‌ನ ಎರಡು ದಾರಿ ನೋಡೋಣ: ನಿಮ್ಮದೇ ಸರ್ವರಿನಿಂದ ಅಪ್‌ಡೇಟ್ ಹಂಚುವ ಡಬ್ಲ್ಯೂಎಸ್‌ಯುಎಸ್, ಇಂಟರ್ನೆಟ್ ಮೂಲಕ ಯಂತ್ರಗಳನ್ನು ನಿರ್ವಹಿಸುವ ಇಂಟ್ಯೂನ್.

ವಿಂಡೋಸ್ ಸರ್ವರ್ ಮೊದಲೇ ಇದ್ದರೆ ಡಬ್ಲ್ಯೂಎಸ್‌ಯುಎಸ್ ಸಾಫ್ಟ್‌ವೇರ್‌ಗೆ ಬೇರೆ ದುಡ್ಡಿಲ್ಲ. ಹಲವು ಜಿಬಿಯ ಅಪ್‌ಗ್ರೇಡ್ ಒಂದೇ ಸಲ ಸರ್ವರಿಗೆ ಇಳಿಯುತ್ತದೆ, ಉಳಿದವು ಅಲ್ಲಿಂದ ಎಳೆದುಕೊಳ್ಳುತ್ತವೆ. ಎಲ್ಲ ಒಂದೇ ಕಟ್ಟಡದಲ್ಲಿರುವ ಲ್ಯಾಬಿಗೆ ಇದು ದೊಡ್ಡ ಅನುಕೂಲ. ಆದರೆ ಸರ್ವರ್ ಡಿಸ್ಕ್ ತುಂಬದಂತೆ ಹಳೆಯದನ್ನು ಗುಡಿಸುವ ತಲೆನೋವು ನಿಮ್ಮದೇ. ಇದಕ್ಕೆ ಹೊಸ ಸೌಲಭ್ಯ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2024ರಲ್ಲೇ ಹೇಳಿದೆ. ಈಗಲೂ ನಡೆಯುತ್ತದೆ, ಅಷ್ಟೇ.

ಇಂಟ್ಯೂನ್‌ಗೆ ಚಂದಾ ಕಟ್ಟಬೇಕು. ಲ್ಯಾಪ್‌ಟಾಪ್ ಸುರತ್ಕಲ್‌ನಲ್ಲಿರಲಿ, ಮಣಿಪಾಲದಲ್ಲಿರಲಿ, ನೆಟ್ ಇದ್ದರೆ ಸಾಕು. ಮೊದಲು ನಾಲ್ಕೈದು ಯಂತ್ರಗಳ ಗುಂಪು, ಆಮೇಲೆ ಉಳಿದವರು ಎಂದು ಹಂತ ಮಾಡಬಹುದು. ಫೀಚರ್ ಅಪ್‌ಡೇಟನ್ನು (ವಿಂಡೋಸ್‌ನ ಹೊಸ ಆವೃತ್ತಿಯನ್ನು) 365 ದಿನದವರೆಗೆ ಮುಂದೂಡಲೂಬಹುದು.

ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇಲ್ಲದ ಹಳೆಯ ಯಂತ್ರಕ್ಕೆ ಎರಡೂ ಉಪಯೋಗವಿಲ್ಲ. ಮೊದಲು ಆ ಪಟ್ಟಿ ಮಾಡಿ.

ಮನೆಯಿಂದ ಕೆಲಸ ಮಾಡುವವರು ಜಾಸ್ತಿ ಇದ್ದರೆ ನಾನು ಇಂಟ್ಯೂನ್ ಅನ್ನುತ್ತೇನೆ. ಲ್ಯಾಬಿಗೆ ಸದ್ಯಕ್ಕೆ ಡಬ್ಲ್ಯೂಎಸ್‌ಯುಎಸ್ ಸಾಕು. ಯಾವುದಾದರೂ ಜೂನ್-ಜುಲೈಯಲ್ಲಿ ಬೇಡ. ನಮ್ಮ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅಲ್ವಾ? ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಅರ್ಧದಲ್ಲಿ ನಿಂತೀತು. ಅಪ್‌ಗ್ರೇಡ್ ಸರಿಹೋಗದಿದ್ದರೆ ಹಿಂದಿರುಗಲು ಸಾಮಾನ್ಯವಾಗಿ ಸಿಗುವುದು 10 ದಿನ. ಅಕೌಂಟ್ಸ್‌ನವರ ಪ್ರಿಂಟರ್ ಅಷ್ಟರೊಳಗೇ ಪರೀಕ್ಷಿಸಿ.