ಎಂಟು ಬೇಸಿಗೆ ಕಂಡ ಮಣ್ಣಿಟ್ಟಿಗೆ ಮನೆ: ದುಡ್ಡು ಹಾಕಿದ್ದು ಗೋಡೆಗೆ, ಸೆಕೆ ಬಂದದ್ದು ತಾರಸಿಯಿಂದ

ಮೈಸೂರಿನ ಹೊರವಲಯದಲ್ಲಿ 30×40 ಸೈಟು, ಒಂದೇ ಅಂತಸ್ತು, ಎರಡು ಬೆಡ್‌ರೂಮು. 2017ರ ನವೆಂಬರ್‌ನಲ್ಲಿ ಗೃಹಪ್ರವೇಶ. ಹೊಸ ಫೋನು ತಗೊಂಡವರು ಎರಡೇ ದಿನಕ್ಕೆ ವಿಮರ್ಶೆ ಬರೆದುಬಿಡುತ್ತಾರೆ. ಮನೆಗೆ ಅದು ನಡೆಯುವುದಿಲ್ಲ. ಮೊದಲ ವರ್ಷ ಬರೆದಿದ್ದರೆ ಬರೀ ಹೊಗಳುತ್ತಿದ್ದೆ, ಮೂರನೇ ವರ್ಷ ಬರೆದಿದ್ದರೆ ಬರೀ ಬೈಯುತ್ತಿದ್ದೆ. ಎಂಟು ಬೇಸಿಗೆ ಕಳೆದ ಮೇಲೆ ಈಗ ಬರೆಯಲು ಕೂತಿದ್ದೇನೆ.

ಮೊದಲು ಗೋಡೆ. ಸುಟ್ಟ ಇಟ್ಟಿಗೆ ಬೇಡ, ಮಣ್ಣನ್ನು ಒತ್ತಿ ಮಾಡುವ ಇಟ್ಟಿಗೆಯೇ ಇರಲಿ ಅಂತ ಹಟ ಹಿಡಿದವನು ನಾನು. ಇದೇನೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಈ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಸಂಪು ತೋಡಿದಾಗ ಬಂದ ಕೆಂಪು ಮಣ್ಣನ್ನೇ ಬಳಸಿದೆವು. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಗೊಬ್ಬರ ಇರುತ್ತದೆ, ಅದು ಆಗದು. ಅದನ್ನು ತೆಗೆದು ಗಿಡಕ್ಕೆ ಹಾಕಿದೆವು. ಕೆಳಗಿನ ಮಣ್ಣನ್ನು ಹಳೇ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮರಳು ಅಡಿಯಲ್ಲಿ, ಜೇಡಿ ಮೇಲೆ, ಗೆರೆ ಎಳೆದ ಹಾಗೆ ಕೂತಿತ್ತು. ಜೇಡಿ ಜಾಸ್ತಿ ಕಂಡಿತು. ಹಾಗೇ ಒತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಅದಕ್ಕೆ ಕ್ರಷರ್ ಪುಡಿ ಬೆರೆಸಿದೆವು, ಸಿಮೆಂಟು ನೂರಕ್ಕೆ ಏಳು ಪಾಲು. ಒತ್ತಿದ ಇಟ್ಟಿಗೆಯನ್ನು ಗೋಣಿಚೀಲ ಹೊದಿಸಿ ಮೂರು ವಾರ ನೀರು ಹೊಡೆದೆವು.

ಅಪ್ಪನಿಗೆ ಇದೆಲ್ಲ ತಮಾಷೆ. "ಮಣ್ಣಿನ ಗೋಡೆ ಬಿಟ್ಟು ಈಚೆ ಬರೋಕೆ ನಮಗೆ ನಲವತ್ತು ವರ್ಷ ಬೇಕಾಯ್ತು, ನೀನು ಲೋನ್ ಮಾಡಿ ಮತ್ತೆ ಅಲ್ಲಿಗೇ ಹೋಗ್ತಿದ್ದೀಯಲ್ಲೋ" ಅಂದರು.

ದುಡ್ಡು ಉಳಿಯಿತಾ? ಇಟ್ಟಿಗೆಯಲ್ಲಿ ಉಳಿದದ್ದು ಕೂಲಿಯಲ್ಲಿ ಹೋಯಿತು. ಪ್ಲಾಸ್ಟರ್ ಇಲ್ಲದ ಗೋಡೆ ಅಂದರೆ ಪ್ರತಿ ಸಾಲೂ ಕಣ್ಣಿಗೆ ಕಾಣುತ್ತದೆ, ಮೇಸ್ತ್ರಿ ನಿಧಾನವಾಗಿಯೇ ಕಟ್ಟಬೇಕು. ಒಂದು ಬ್ಯಾಂಕಿನಿಂದ ಬಂದ ಇಂಜಿನಿಯರ್ ಗೋಡೆ ತಟ್ಟಿ ನೋಡಿ, "ಪ್ಲಾಸ್ಟರ್ ಯಾವಾಗ ಮಾಡಿಸ್ತೀರಾ?" ಅಂತ ಮೂರು ಸಲ ಕೇಳಿದರು. ಒಳಗೆ ಮಾತ್ರ ಗೋಡೆ ಹೇಳಿದ ಹಾಗೇ ನಡೆದುಕೊಂಡಿದೆ. ಏಪ್ರಿಲ್ ಮಧ್ಯಾಹ್ನ ಕೈಯಿಟ್ಟರೆ ತಣ್ಣಗಿರುತ್ತದೆ. ಬಣ್ಣದ ಖರ್ಚು ಇಲ್ಲ.

ಒಂದು ತಪ್ಪಾಯಿತು. ಪಶ್ಚಿಮದ ಕಡೆ ಸಜ್ಜ ಒಂದೇ ಅಡಿ ಬಿಟ್ಟೆವು. ಜೂನ್-ಜುಲೈನಲ್ಲಿ ಮಳೆ ಬರುವುದೇ ಆ ಕಡೆಯಿಂದ, ಗಾಳಿಯ ಜೊತೆ ಓರೆಯಾಗಿ. ಕೆಳಗಿನ ಮೂರು ಸಾಲು ಇಟ್ಟಿಗೆ ಎರಡೇ ಮಳೆಗಾಲಕ್ಕೆ ಒರಟಾಯಿತು, ಅಂಚು ಉದುರಿತು. ಆಮೇಲೆ ಅಷ್ಟಕ್ಕೆ ಮಾತ್ರ ಗಾರೆ ಬಳಿಸಿದೆವು. ಮಣ್ಣಿಟ್ಟಿಗೆ ಹಾಕುವವರು ಪಾಯವನ್ನು ಕಲ್ಲಿನಲ್ಲಿ ನೆಲದಿಂದ ಎರಡಡಿ ಮೇಲೆತ್ತಿ, ಸಜ್ಜ ಎರಡಡಿ ಮುಂದಕ್ಕೆ ಬಿಡಿ. ಹಳ್ಳಿಯ ತೊಟ್ಟಿ ಮನೆ ಕಟ್ಟಿದವರಿಗೆ ಇದು ಗೊತ್ತಿತ್ತು. ಸ್ಕ್ವೇರ್ ಫೀಟ್ ಲೆಕ್ಕದಲ್ಲಿ ಮುಳುಗಿದ್ದ ನನಗೆ ಹೊಳೆಯಲಿಲ್ಲ.

ಈಗ ತಾರಸಿಗೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಇದರ ಸಲುವಾಗಿ.

ಫಿಲ್ಲರ್ ಸ್ಲ್ಯಾಬ್ ಹಾಕಿಸಬೇಕು ಅಂತಿದ್ದೆ. ಆರ್‌ಸಿಸಿ ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿರುವ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ. ಆ ಜಾಗದಲ್ಲಿ ಮಂಗಳೂರು ಹೆಂಚನ್ನು ಎರಡೆರಡು ಮಗುಚಿ ಇಟ್ಟರೆ ಸಿಮೆಂಟೂ ಉಳಿಯುತ್ತದೆ, ಹೆಂಚುಗಳ ನಡುವಿನ ಗಾಳಿ ಬಿಸಿಯನ್ನೂ ತಡೆಯುತ್ತದೆ. ಮೇಸ್ತ್ರಿ ಒಪ್ಪಲಿಲ್ಲ. "ಸಾರ್, ನಾಳೆ ಹೆಂಚು ತಲೆ ಮೇಲೆ ಬಿದ್ರೆ ನನ್ ಹೆಸರು ಹೇಳ್ತೀರಾ" ಅಂದರು. ಸೆಂಟ್ರಿಂಗ್ ಆಗಲೇ ನಿಂತಿತ್ತು, ಬಾಡಿಗೆ ಏರುತ್ತಿತ್ತು. ಸರಿ ಅಂತ ಐದು ಇಂಚಿನ ಮಾಮೂಲಿ ಮೋಲ್ಡ್ ಹಾಕಿಸಿದೆ.

ನಾಲ್ಕು ಬೇಸಿಗೆ ಅದರ ಕೆಳಗೆ ಮಲಗಿದೆವು. ಹಗಲು ಪರವಾಗಿಲ್ಲ. ರಾತ್ರಿ ಒಂಬತ್ತು ದಾಟಿದ ಮೇಲೆ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಕೆಳಗೆ ಬಿಡಲು ಶುರು ಮಾಡುತ್ತದೆ. ಹೊರಗೆ ತಂಗಾಳಿ, ಒಳಗೆ ರೊಟ್ಟಿ ಹಂಚಿನ ಕೆಳಗೆ ಮಲಗಿದ ಹಾಗೆ. ಫ್ಯಾನ್ ಹಾಕಿದರೆ ಆ ಬಿಸಿಯೇ ಮೈಮೇಲೆ. 2021ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ, ಕೊರೊನಾ ಕಾಲಕ್ಕೆ ತಂದಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಸೂರಿಗೆ ಹಿಡಿದೆ. 38 ಡಿಗ್ರಿ. ಗೋಡೆಗೆ ಹಿಡಿದರೆ 30. "ರೀ, ಮನೆಗೇ ಜ್ವರ ಬಂದಿದೆ" ಅಂದಳು ಹೆಂಡತಿ.

ಕಾರಣ ಸರಳ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯ ವಾರದ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಬಿಸಿಲು ಬೀಳುವುದು ತಾರಸಿಗೆ, ಗೋಡೆಗಲ್ಲ. ನಾನು ನೋಡಿದ ವಿಡಿಯೋಗಳಲ್ಲೆಲ್ಲ ಗೋಡೆ ದಪ್ಪ ಮಾಡಿ, ದಕ್ಷಿಣಕ್ಕೆ ದೊಡ್ಡ ಗಾಜು ಇಡಿ ಅಂತ ಹೇಳುತ್ತಿದ್ದರು. ಅದು ಚಳಿ ದೇಶದ ಮಾತು. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ!

ಮೊದಲು ಸುಮ್ನೆ ಸುಣ್ಣ ಬಳಿದು ನೋಡಿದೆ. ಆವತ್ತೇ ವ್ಯತ್ಯಾಸ ಗೊತ್ತಾಯಿತು, ಆದರೆ ಒಂದೇ ಮಳೆಗಾಲಕ್ಕೆ ಕೊಚ್ಚಿ ಹೋಯಿತು. 2022ರ ಫೆಬ್ರವರಿಯಲ್ಲಿ ಇಟ್ಟಿಗೆ ಚೂರು, ಗಾರೆ ಹಾಕಿ ಇಳಿಜಾರು ಮಾಡಿ, ಮೇಲೆ ಒಡೆದ ಬಿಳಿ ಟೈಲ್ಸ್ ಚೂರು ಕೂರಿಸಿದೆವು. ಮೂರೂವರೆ ಇಂಚು ದಪ್ಪ ಅಂದರೆ ಚದರ ಮೀಟರಿಗೆ 150 ಕಿಲೋ ಆಸುಪಾಸು ಭಾರ. ಅದಕ್ಕೆ ಮೊದಲು ಇಂಜಿನಿಯರ್ ಹತ್ತಿರ ಕೇಳಿಕೊಂಡೇ ಮಾಡಿದೆವು, ನೀವೂ ಕೇಳಿ. ಟೈಲ್ಸ್ ಅಂಗಡಿಯ ಹಿಂದೆ ಬಿದ್ದಿದ್ದ ಒಡಕು ಮಾಲು ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಿತು, ಖರ್ಚಾದದ್ದು ಕೂಲಿಗೆ. ಆ ಏಪ್ರಿಲ್‌ನಲ್ಲಿ ಅದೇ ಥರ್ಮಾಮೀಟರು, ಅದೇ ಹತ್ತು ಗಂಟೆ: 32. ಗೋಡೆಗೆ ನಾನು ಪಟ್ಟ ಪಾಡೆಲ್ಲ ಸೇರಿ ಇಷ್ಟು ಕೊಟ್ಟಿಲ್ಲ. ಹೆಂಡತಿಯ ದೂರು ಒಂದೇ: ಹಪ್ಪಳ ಹಾಕಲು ಹೋದರೆ ಕಣ್ಣು ಕುಕ್ಕುತ್ತದೆ, ಬಿಡೋಕೇ ಆಗಲ್ಲ. ಟೋಪಿ ಹಾಕಿಕೊಂಡು ಹೋಗುತ್ತಾಳೆ.

ಸೋಲಾರ್ ವಾಟರ್ ಹೀಟರ್ ಬಗ್ಗೆ ತಕರಾರಿಲ್ಲ, ಅದನ್ನಿಟ್ಟ ಜಾಗದ ಬಗ್ಗೆ ಇದೆ. ಹೀಟರ್ ತಾರಸಿಯ ಒಂದು ಮೂಲೆ, ಬಚ್ಚಲು ಇನ್ನೊಂದು ಮೂಲೆ. ನಡುವೆ 22 ಮೀಟರ್ ಪೈಪು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಅಂದರೆ ಬಿಸಿನೀರು ಬರುವ ಮುಂಚೆ ಐದೂವರೆ ಲೀಟರ್ ತಣ್ಣೀರು. ಅದನ್ನು ಹಿಡಿಯಲೆಂದೇ ಬಚ್ಚಲಲ್ಲಿ ಒಂದು ನೀಲಿ ಬಕೆಟ್ ಇದೆ, ಬೆಳಿಗ್ಗೆ ಮೊದಲು ಎದ್ದವರ ಕೆಲಸ ಅದು. ಪ್ಲಾನ್ ಹಾಕುವಾಗಲೇ ಬಚ್ಚಲಿನ ನೇರಕ್ಕೆ ಹೀಟರ್ ಬರುವ ಹಾಗೆ ನೋಡಿಕೊಳ್ಳಿ. ಬೋರ್‌ವೆಲ್‌ನ ಗಡಸು ನೀರಾದರೆ ಟ್ಯೂಬಿನೊಳಗೆ ಬಿಳಿ ಪೊರೆ ಕಟ್ಟುತ್ತದೆ, ವರ್ಷಕ್ಕೊಮ್ಮೆ ತೊಳೆಸಬೇಕು.

ಫ್ಯಾನುಗಳ ಕಥೆ ಚಿಕ್ಕದು. 75 ವ್ಯಾಟಿನ ಐದು ಫ್ಯಾನು ತೆಗೆದು ಕಡಿಮೆ ಕರೆಂಟು ಎಳೆಯುವ 28 ವ್ಯಾಟಿನ ಬಿಎಲ್‌ಡಿಸಿ ಮೋಟರಿನ ಫ್ಯಾನು ಹಾಕಿಸಿದೆವು. ಐದೂ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 70 ಯೂನಿಟ್ ಉಳಿಯುತ್ತದೆ. ರಿಮೋಟ್ ಕಳೆದುಹೋಗುವುದೊಂದೇ ಕಷ್ಟ. ಸೋಲಾರ್ ಪ್ಯಾನಲ್ ಹಾಕಿಸಿಲ್ಲ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುವಾಗ, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಕೊಟ್ಟರೂ ನಮ್ಮಂಥ ಚಿಕ್ಕ ಮನೆಗೆ ಲೆಕ್ಕ ಕೂಡುವುದಿಲ್ಲ.

ಬಿಸಿಗಾಳಿ ಹೋಗಲಿ ಅಂತ ಸೂರಿನ ಹತ್ತಿರ ಬೆಳಕಿಂಡಿ ಬಿಡಿಸಿದ್ದೆ. ಗಾಳಿ ಹೊರಗೆ ಹೋಯಿತು, ಸೊಳ್ಳೆ ಒಳಗೆ ಬಂತು. ಮೆಶ್ ಹೊಡೆಸಿದೆವು. ಆರು ತಿಂಗಳಿಗೆ ಮೆಶ್ ತುಂಬಾ ಧೂಳು, ಗಾಳಿಯೂ ಇಲ್ಲ. ಹತ್ತಡಿ ಮೇಲೆ ಏಣಿ ಹಾಕಿ ಒರೆಸುವವರು ಯಾರು? ಕಳಚಿ ತೊಳೆಯುವ ಹಾಗೆ ಫ್ರೇಮು ಮಾಡಿಸಿದ್ದರೆ ಮುಗಿಯುತ್ತಿತ್ತು. ವೈರಿಂಗ್‌ಗೂ ಇದೇ ಮಾತು. ಪ್ಲಾಸ್ಟರ್ ಇಲ್ಲದ ಗೋಡೆಯನ್ನು ಆಮೇಲೆ ಕೊರೆಯಲಾಗದು. ಇಂಡಕ್ಷನ್ ಒಲೆಗೆ ಪಾಯಿಂಟ್ ಬೇಕಾದಾಗ ಗೋಡೆಯ ಮೇಲೇ ಪ್ಲಾಸ್ಟಿಕ್ ಪಟ್ಟಿ ಹೊಡೆದು ವೈರು ಎಳೆದೆವು. ಅಡುಗೆಮನೆಗೆ ಹೋದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಐದರಲ್ಲಿ ಎಷ್ಟು ಅಂದರೆ ಗೋಡೆಗೆ ನಾಲ್ಕು, ಹಳೇ ತಾರಸಿಗೆ ಒಂದು, ಹೊಸ ತಾರಸಿಗೆ ಐದು. ಪಶ್ಚಿಮದ ಬೆಡ್‌ರೂಮಿಗೆ ಇನ್ನೂ ಕೊಟ್ಟಿಲ್ಲ. ಮಧ್ಯಾಹ್ನ ಮೂರರಿಂದ ಅಲ್ಲಿ ಕೂರಲಾಗುವುದಿಲ್ಲ. ಇಳಿಬಿಸಿಲು ಸಜ್ಜದ ಕೆಳಗಿನಿಂದ ನುಗ್ಗುತ್ತದೆ, ಅದಕ್ಕೆ ಸಜ್ಜ ಎಷ್ಟಿದ್ದರೂ ಅಷ್ಟೇ. ಆ ಕಡೆ ಒಂದು ಹೊಂಗೆ ನೆಟ್ಟಿದ್ದೇವೆ. ಈಗ ಕಿಟಕಿ ದಾಟಿ ಬೆಳೆದಿದೆ, ಇನ್ನೆರಡು ವರ್ಷಕ್ಕೆ ಗೋಡೆಗೆ ಪೂರ್ತಿ ನೆರಳು ಕೊಡಬಹುದು. ಬೇರು ಸಂಪಿನ ಕಡೆ ಹೊರಟಿದೆ ಅಂತ ಪ್ಲಂಬರ್ ಅನುಮಾನ. ಹೋದ ವಾರ ಬಂದು ಟಾರ್ಚ್ ಬಿಟ್ಟು ನೋಡಿದ, "ಸದ್ಯಕ್ಕೇನಿಲ್ಲ ಸಾರ್" ಅಂದು ಇನ್ನೂರು ರೂಪಾಯಿ ತಗೊಂಡು ಹೋದ.