ಟಿಇಟಿ ‘ಪಾಸ್ ಗ್ಯಾರಂಟಿ’ ಬ್ಯಾಚಿಗೆ ಹಣ ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ

12,000 ರೂಪಾಯಿ ಕೊಟ್ಟು ನಾನು ಕೊಂಡದ್ದು, ಯಾರು ಬೇಕಾದರೂ ಕಾಸು ಖರ್ಚಿಲ್ಲದೆ ಇಳಿಸಿಕೊಳ್ಳಬಹುದಾದ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆಯಲ್ಲಿ ಯಜಮಾನರಿಗೂ ಪೂರ್ತಿ ಮೊತ್ತವನ್ನು ನಾನು ಇನ್ನೂ ಹೇಳಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದನ್ನು ನನಗೆ ಮಾರಿದ ಕೋಚಿಂಗ್‌ನವರ ಮುಂದಿನ ಬ್ಯಾಚಿನ ಜಾಹೀರಾತು ಈ ವಾರ ನಮ್ಮ ಡಿ.ಇಡಿ. ಗೆಳತಿಯರ ಗುಂಪಿಗೂ ಬಂದಿದೆ, ಅದನ್ನು ನೋಡಿ ಇಬ್ಬರು ‘ಸೇರೋಣವೇ?’ ಎಂದು ನನ್ನನ್ನೇ ಕೇಳಿದ್ದಾರೆ.

ನಾನು ಒಂದು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಕೈಗೆ ಬರುವ ಸಂಬಳ ತಿಂಗಳಿಗೆ 11,000 ರೂಪಾಯಿ. ಹಿಂದಿನ ಬಾರಿ ಕರ್ನಾಟಕ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪತ್ರಿಕೆ-1ರಲ್ಲಿ, ಅಂದರೆ 1ರಿಂದ 5ನೇ ತರಗತಿಯ ಶಿಕ್ಷಕರಾಗುವವರು ಬರೆಯುವ ಪತ್ರಿಕೆಯಲ್ಲಿ, ನನಗೆ 150ಕ್ಕೆ 84 ಅಂಕ ಬಂದಿತ್ತು. ನನ್ನ ವರ್ಗಕ್ಕೆ ಶೇಕಡಾ 60, ಅಂದರೆ 90 ಅಂಕ ಬೇಕು. ಆರು ಅಂಕ! ಐವತ್ತು ಅಂಕಗಳಿಂದ ಸೋತವರು ಹೋಗಲಿ ಬಿಡು ಎಂದು ಮತ್ತೆ ಪುಸ್ತಕ ಹಿಡಿಯುತ್ತಾರೆ; ಆರು ಅಂಕಗಳಿಂದ ಸೋತವರು ಯಾರಾದರೂ ಸ್ವಲ್ಪ ಕೈ ಹಿಡಿದು ದಾಟಿಸಿದರೆ ಸಾಕಲ್ಲವೇ ಎಂದು ಹುಡುಕಲು ತೊಡಗುತ್ತಾರೆ. ನಾನು ಹುಡುಕಿದೆ, ಅವರು ಸಿಕ್ಕರು.

ಫೋನಿನಲ್ಲಿ ಮಾತನಾಡಿದ ವ್ಯಕ್ತಿ ಮೊದಲು ಕೇಳಿದ್ದೇ ನನ್ನ ಹಿಂದಿನ ಅಂಕವನ್ನು. 84 ಎಂದ ಕೂಡಲೇ, ‘ಅಯ್ಯೋ ಮೇಡಂ, ನಿಮ್ಮಂಥವರಿಗಾಗಿಯೇ ನಮ್ಮಲ್ಲಿ ಪ್ರತ್ಯೇಕ ಬ್ಯಾಚ್ ಇದೆ, 75ರಿಂದ 89ರ ಒಳಗಿನವರು ಮಾತ್ರ’ ಎಂದರು. ಪಾಸಾಗದಿದ್ದರೆ ಪೂರ್ತಿ ಹಣ ವಾಪಸ್ ಎಂದರು. ಶುಲ್ಕ 9,500 ರೂಪಾಯಿ, ಆ ದಿನವೇ ಕಟ್ಟಿದರೆ ಮಾತ್ರ ಆ ದರ. ನಾನು ಆ ದಿನವೇ ಕಟ್ಟಿದೆ. ರಸೀದಿ ಕೇಳಿದಾಗ ಹಣ ಹೋದದ್ದರ ಸ್ಕ್ರೀನ್‌ಶಾಟೇ ರಸೀದಿ ಎಂದರು. ಅಲ್ಲಿಯೇ ನಾನು ನಿಲ್ಲಬೇಕಿತ್ತು. (ಅಂಥ ಪ್ರತ್ಯೇಕ ಬ್ಯಾಚ್ ಇರಲೇ ಇಲ್ಲ. ಮೊದಲ ಬಾರಿ ಪರೀಕ್ಷೆ ಬರೆಯುವವರೂ 60 ಅಂಕ ಬಂದವರೂ ನಮ್ಮೊಂದಿಗೇ ಕೂತಿದ್ದರು.)

ತರಗತಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪತ್ರಿಕೆ-1ರಲ್ಲಿ ಭಾಷೆ-1, ಭಾಷೆ-2, ಶಿಶು ವಿಕಸನ ಮತ್ತು ಬೋಧನಾಶಾಸ್ತ್ರ, ಗಣಿತ, ಪರಿಸರ ಅಧ್ಯಯನ ಎಂದು ಐದು ವಿಭಾಗಗಳು, ಒಂದೊಂದಕ್ಕೂ 30 ಅಂಕಗಳು ಎಂಬುದು ನಿಮಗೆಲ್ಲ ಗೊತ್ತು. ಇವರು ಪರಿಸರ ಅಧ್ಯಯನ ಎಂದು ಕೊಟ್ಟ 140 ಪುಟಗಳ ಟಿಪ್ಪಣಿಯಲ್ಲಿ ಸಂವಿಧಾನದ ಅನುಸೂಚಿಗಳೂ ರಾಷ್ಟ್ರಪತಿಗಳ ಪಟ್ಟಿಯೂ ಇದ್ದವು. ಪ್ರಥಮ ದರ್ಜೆ ಸಹಾಯಕರ (ಎಫ್‌ಡಿಎ) ಪರೀಕ್ಷೆಗೆಂದು ಮಾಡಿದ್ದ ಟಿಪ್ಪಣಿಗೆ ರಟ್ಟು ಬದಲಿಸಿ ಕೊಟ್ಟಿದ್ದರು. ಐದನೇ ತರಗತಿಯ ಮಗುವಿಗೆ ನೀರಿನ ಪಾಠವನ್ನು ಹೇಗೆ ಕಲಿಸಬೇಕು, ಮಗು ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಮರೆತರೆ ಅದರಿಂದ ಶಿಕ್ಷಕಿಗೆ ಏನು ತಿಳಿಯಬೇಕು ಎಂಬಂಥ ಪ್ರಶ್ನೆಗಳ ಹತ್ತಿರವೂ ಅವರು ಸುಳಿಯಲಿಲ್ಲ. ಶಿಶು ವಿಕಸನದ ತರಗತಿಯಲ್ಲಿ ಒಬ್ಬರು, ಮಕ್ಕಳ ಯೋಚನೆಯ ಬೆಳವಣಿಗೆಯ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಮೂರ್ತ ಕಾರ್ಯಗಳ ಹಂತವನ್ನು 2ರಿಂದ 7 ವರ್ಷ ಎಂದು ಬರೆಸಿದರು. ಅದು 7ರಿಂದ 11 ವರ್ಷ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ, ‘ಬೇರೆ ಬೇರೆ ಲೇಖಕರು ಬೇರೆ ಬೇರೆ ಹೇಳುತ್ತಾರೆ ಮೇಡಂ, ಪರೀಕ್ಷೆಗೆ ಇದನ್ನೇ ಬರೆಯಿರಿ’ ಎಂದು ಮುಂದಕ್ಕೆ ಹೋದರು. ಡಿ.ಇಡಿ. ಓದುವಾಗಲೇ ಬಾಯಿಪಾಠವಾಗಿದ್ದ ವಿಷಯವದು. ಆದರೂ ಆ ದಿನ ನಾನು ನನ್ನ ನೆನಪನ್ನೇ ಅನುಮಾನಿಸಿದೆ, ಅವರನ್ನಲ್ಲ.

ಈಗ ನಾಚಿಕೆಯ ಭಾಗಕ್ಕೆ ಬರುತ್ತೇನೆ. ಪರೀಕ್ಷೆಗೆ ಒಂದು ವಾರವಿರುವಾಗ ಅದೇ ವ್ಯಕ್ತಿ ಕರೆ ಮಾಡಿ, ಈ ಬಾರಿ ಬರುವ 150 ಪ್ರಶ್ನೆಗಳಲ್ಲಿ ಕನಿಷ್ಠ 100 ಇರುವ ‘ವಿಶೇಷ ಸೆಟ್’ ತಮ್ಮ ಕೈಗೆ ಬಂದಿದೆ ಎಂದರು. ಹೇಗೆ ಬಂತು ಎಂದು ಕೇಳಿದರೆ, ‘ಅದನ್ನೆಲ್ಲ ಫೋನಿನಲ್ಲಿ ಹೇಳುವುದಕ್ಕಾಗುವುದಿಲ್ಲ, ಅರ್ಥ ಮಾಡಿಕೊಳ್ಳಿ’ ಎಂದರು. ನಾನು ಅರ್ಥ ಮಾಡಿಕೊಂಡೆ. ಅವರು ಹೇಳುತ್ತಿರುವುದು ನಿಜವಾಗಿದ್ದರೆ ಅದು ಅಪರಾಧ, ಸುಳ್ಳಾಗಿದ್ದರೆ ಮೋಸ ಎಂಬುದು ಒಂದು ಕ್ಷಣ ತಲೆಯಲ್ಲಿ ಹಾದುಹೋಯಿತು. ಹಾಗೆ ಹಾದುಹೋದ ಮೇಲೂ ನಾನು 2,500 ರೂಪಾಯಿ ಕಳುಹಿಸಿದೆ. ಮಕ್ಕಳು ಪಕ್ಕದವರದ್ದನ್ನು ನೋಡಿ ಬರೆದರೆ ಹೊರಗೆ ನಿಲ್ಲಿಸುವ ಶಿಕ್ಷಕಿ ನಾನು. ಆ ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ಸುಡುವುದು ಈ ಮಾತು.

ಸೆಟ್ ಬಂದಿತು. ಪ್ರತಿ ಪುಟದಲ್ಲೂ ಅಡ್ಡಲಾಗಿ ನನ್ನ ಮೊಬೈಲ್ ಸಂಖ್ಯೆಯನ್ನು ಮಸುಕಾಗಿ ಮುದ್ರಿಸಿದ್ದರು. ಯಾರಿಗಾದರೂ ಕಳುಹಿಸಿದರೆ ಗೊತ್ತಾಗುತ್ತದೆ, ಕೇಸ್ ಆಗುತ್ತದೆ ಎಂಬ ಎಚ್ಚರಿಕೆ ಬೇರೆ. ನಾಲ್ಕು ರಾತ್ರಿ ಅದನ್ನು ಉರು ಹೊಡೆದೆ. ಗಣಿತವನ್ನೂ ಉರು ಹೊಡೆದೆ ಎಂದರೆ ನೀವು ನಗಬಹುದು, ನಿಜವಾಗಿಯೂ ಹೊಡೆದೆ: 97ಕ್ಕೆ ಬಿ, 98ಕ್ಕೆ ಡಿ, ಹೀಗೆ.

ಪರೀಕ್ಷೆಗೆ ಮೂರು ದಿನವಿತ್ತು. ನನ್ನ ಚಿಕ್ಕಮ್ಮನ ಮಗಳು, ಅವಳೂ ಪತ್ರಿಕೆ-1 ಬರೆಯುವವಳು, ಮನೆಗೆ ಬಂದಿದ್ದಳು. ನಾನು ಅಡುಗೆಮನೆಯಲ್ಲಿದ್ದಾಗ ಮೇಜಿನ ಮೇಲಿದ್ದ ನನ್ನ ಕಟ್ಟನ್ನು ತಿರುವಿ ಹಾಕಿ, ‘ಅಕ್ಕಾ, ಇದು ನನ್ನ ಹತ್ತಿರವೂ ಇದೆಯಲ್ಲ’ ಎಂದಳು. ನನಗೆ ಮೊದಲು ಬಂದ ಸಿಟ್ಟು ಅವಳ ಮೇಲೆ. ನೀನೂ ದುಡ್ಡು ಕೊಟ್ಟೆಯಾ ಎಂದು ಕೇಳಿಯೇಬಿಟ್ಟೆ. ಅವಳು ಏನೂ ಅರ್ಥವಾಗದೆ ತನ್ನ ಚೀಲದಿಂದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟನ್ನು ತೆಗೆದಳು. ಕೆಲವು ವರ್ಷಗಳ ಹಿಂದಿನ ಟಿಇಟಿ ಪತ್ರಿಕೆ. ಇಬ್ಬರೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆವು. ಒಂದನೇ ಪ್ರಶ್ನೆ ಅದೇ, ಎರಡನೆಯದು ಅದೇ, ನೂರೈವತ್ತೂ ಅದೇ ಕ್ರಮದಲ್ಲಿ ಅವೇ. ಹೊಸದಾಗಿ ಟೈಪ್ ಮಾಡಿಸಿದ್ದರು, ಅಷ್ಟೇ. ಟೈಪ್ ಮಾಡಿದವರು ಒತ್ತಕ್ಷರಗಳನ್ನು ತಪ್ಪಿಸಿದ್ದರು, ಬಡ್ಡಿಯ ಲೆಕ್ಕದಲ್ಲಿ ರಾಮುವನ್ನು ಸೋಮು ಮಾಡಿದ್ದರು.

ಅಷ್ಟಾದರೂ ನನ್ನ ಮನಸ್ಸು ಒಪ್ಪಲಿಲ್ಲ. ಕೆಲವು ಪ್ರಶ್ನೆಗಳು ಮರುಕಳಿಸುತ್ತವೆಯಲ್ಲ ಎಂದು ವಾದಿಸಿದೆ. ಯಾರ ಪರವಾಗಿ ವಾದಿಸುತ್ತಿದ್ದೇನೆ ಎಂಬುದೂ ನನಗೆ ತಿಳಿಯಲಿಲ್ಲ. ಆಗ ಅವಳು ಕೀ ಉತ್ತರಗಳನ್ನು ತೆಗೆದಳು. ಶಿಕ್ಷಣ ಇಲಾಖೆ ಮೊದಲು ತಾತ್ಕಾಲಿಕ ಕೀ ಪ್ರಕಟಿಸಿ, ಆಕ್ಷೇಪಣೆಗಳನ್ನು ಕರೆದು, ಆಮೇಲೆ ಅಂತಿಮ ಕೀ ಕೊಡುತ್ತದೆ. ಆ ಪತ್ರಿಕೆಯ ಎರಡು ಪ್ರಶ್ನೆಗಳಿಗೆ ಅಂತಿಮ ಕೀಯಲ್ಲಿ ಉತ್ತರ ಬದಲಾಗಿತ್ತು. ನನ್ನ ‘ವಿಶೇಷ ಸೆಟ್’ನಲ್ಲಿ ಇದ್ದದ್ದು ಬದಲಾಗುವುದಕ್ಕೆ ಮೊದಲಿನ ಉತ್ತರಗಳು. ಅಂದರೆ ನಾನು ನಾಲ್ಕು ರಾತ್ರಿ ನಿದ್ದೆಗೆಟ್ಟು, ಇಲಾಖೆಯೇ ತಪ್ಪೆಂದು ಒಪ್ಪಿ ತಿದ್ದಿಕೊಂಡ ಉತ್ತರಗಳನ್ನೂ ಸೇರಿಸಿ ಉರು ಹೊಡೆದಿದ್ದೆ. ಚಿಕ್ಕಮ್ಮನ ಮಗಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಅವಳು ಸುಮ್ಮನೆ ಪುಟಗಳನ್ನು ಮಡಚಿ, ‘ಅಕ್ಕಾ, ಕುಕ್ಕರ್ ಕೂಗುತ್ತಿದೆ’ ಎಂದಳು.

ಪರೀಕ್ಷೆಯಲ್ಲಿ ಆ ಸೆಟ್‌ನ 150ರಲ್ಲಿ ನನಗೆ ಗುರುತು ಸಿಕ್ಕಂತೆ ಒಂದೂ ಹಾಗೆಯೇ ಬರಲಿಲ್ಲ. ಫಲಿತಾಂಶ: 87. ಮೂರು ಅಂಕ ಕಡಿಮೆ. ಅವರ ಪಾಠದಿಂದ ಮೂರು ಅಂಕ ಹೆಚ್ಚಾಯಿತು ಎಂದು ದಯವಿಟ್ಟು ಯಾರೂ ಹೇಳಬೇಡಿ. ಅದನ್ನು ಅವರೇ ಹೇಳಿದ್ದಾರೆ.

ಹೌದು, ಹಣ ವಾಪಸ್ ಕೇಳಿದಾಗ ಬಂದ ಮೊದಲ ಉತ್ತರವೇ ಅದು: ‘84 ಇದ್ದದ್ದು 87 ಆಗಿದೆಯಲ್ಲ ಮೇಡಂ, ಪ್ರಗತಿ ಇದೆ, ಇನ್ನೊಂದು ಬ್ಯಾಚ್ ಕೂತರೆ ಆಗಿಬಿಡುತ್ತದೆ.’ ಪಾಸಾಗದಿದ್ದರೆ ವಾಪಸ್ ಎಂದಿದ್ದಿರಲ್ಲ ಎಂದು ನಾನು ಬರೆದೆ. ಆಗ ನಾಲ್ಕು ಪುಟಗಳ ನಿಯಮಾವಳಿಯನ್ನು ಕಳುಹಿಸಿದರು. ಆ್ಯಪ್‌ಗೆ ಲಾಗಿನ್ ಆಗುವಾಗ ಗುಂಡಿ ಒತ್ತಿ ನಾನು ಅದನ್ನು ಒಪ್ಪಿದ್ದೇನಂತೆ. ಅದರ 11ನೇ ನಿಯಮದ ಪ್ರಕಾರ ಹಣ ವಾಪಸ್ ಬೇಕಾದರೆ ಶೇಕಡಾ 90 ಹಾಜರಾತಿ ಇರಬೇಕು ಮತ್ತು 40 ಮಾದರಿ ಪರೀಕ್ಷೆಗಳನ್ನು ಬರೆದು ಪ್ರತಿಯೊಂದರಲ್ಲೂ 110 ಅಂಕ ಪಡೆದಿರಬೇಕು. ಪ್ರತಿ ಬಾರಿಯೂ 110 ತೆಗೆಯುವವರು ನಿಮ್ಮ ಬಳಿ ಏಕೆ ಬರುತ್ತಾರೆ ಸ್ವಾಮಿ? ಅದೂ ಇರಲಿ, ಅವರು ನಡೆಸಿದ್ದೇ 31 ಮಾದರಿ ಪರೀಕ್ಷೆಗಳನ್ನು. ನಡೆಸದ ಒಂಬತ್ತು ಪರೀಕ್ಷೆಗಳನ್ನು ನಾನು ಬರೆಯುವುದು ಹೇಗೆ ಎಂದು ಕೇಳಿದರೆ, ‘ಆ್ಯಪ್‌ನಲ್ಲಿ ಹಾಕಿದ್ದೆವು, ನೀವು ಅಪ್‌ಡೇಟ್ ಮಾಡಿಕೊಂಡಿಲ್ಲ’ ಎಂದರು. ಬ್ಯಾಚಿನ ಇನ್ನೂ ಆರು ಜನರನ್ನು ವಿಚಾರಿಸಿದೆ. ಆ ಒಂಬತ್ತನ್ನು ಯಾರೂ ಕಂಡಿಲ್ಲ.

‘ವಿಶೇಷ ಸೆಟ್’ ವಿಷಯ ಎತ್ತಿದ ಕೂಡಲೇ ಧಾಟಿಯೇ ಬದಲಾಯಿತು. ಅಲ್ಲಿಯವರೆಗೆ ಮೇಡಂ ಆಗಿದ್ದವಳು ‘ನೀವು’ ಮಾತ್ರ ಆದೆ. ‘ಹಳೆಯ ಪ್ರಶ್ನೆಪತ್ರಿಕೆ ಅಭ್ಯಾಸ ಮಾಡಿಸುವುದು ತಪ್ಪೇ? ಸೋರಿಕೆಯಾದ ಪ್ರಶ್ನೆ ಎಂದು ನಾವು ಎಲ್ಲಿಯಾದರೂ ಬರೆದು ಕೊಟ್ಟಿದ್ದೇವೆಯೇ? ಹಾಗೆ ಅಂದುಕೊಂಡು ಹಣ ಕೊಟ್ಟಿದ್ದರೆ ಅದು ನಿಮ್ಮ ತಪ್ಪು, ಅದನ್ನು ಹೊರಗೆ ಹೇಳಿಕೊಂಡರೆ ನಿಮಗೇ ತೊಂದರೆ.’ ಈ ಸಂದೇಶವನ್ನು ನಾನು ಎಷ್ಟು ಬಾರಿ ಓದಿದ್ದೇನೋ ಲೆಕ್ಕವಿಲ್ಲ. ಅವರು ಏನನ್ನೂ ಬರೆದು ಕೊಟ್ಟಿರಲಿಲ್ಲ, ನಿಜ. ಎಲ್ಲವನ್ನೂ ಫೋನಿನಲ್ಲೇ ಹೇಳಿದ್ದರು. ನನ್ನ ಆಸೆಯನ್ನೇ ನನ್ನ ಬಾಯಿಗೆ ಬೀಗ ಮಾಡಬಹುದು ಎಂಬುದು ಮೊದಲ ದಿನದಿಂದಲೇ ಅವರಿಗೆ ಗೊತ್ತಿತ್ತು.

ಮೋಸ ಹೋದವಳು ನಾನೊಬ್ಬಳೇ ಅಲ್ಲ. ನಮ್ಮ ಬ್ಯಾಚಿನಲ್ಲಿ ಬಿ.ಇಡಿ. ಮಾತ್ರ ಓದಿದ್ದ ಒಬ್ಬರನ್ನು ‘ಪತ್ರಿಕೆ-1 ಸುಲಭ, ಪಾಸಾದರೆ ಪ್ರಾಥಮಿಕ ಶಾಲೆಯಲ್ಲಿ ಕೆಲಸ’ ಎಂದು ನಂಬಿಸಿ ಸೇರಿಸಿಕೊಂಡಿದ್ದರು. ಬಿ.ಇಡಿ. ಪಡೆದವರಿಗೂ 1ರಿಂದ 5ನೇ ತರಗತಿಯ ಶಿಕ್ಷಕರಾಗಲು ಅವಕಾಶ ಕೊಟ್ಟಿದ್ದ 2018ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದೇ ತಳ್ಳಿಹಾಕಿದೆ ಎಂಬುದು, ಕೋಚಿಂಗ್ ನಡೆಸುವವರಿಗೆ ಗೊತ್ತಿಲ್ಲ ಎಂದರೆ ನಂಬುವವರು ಯಾರು? ಆ ಬಿ.ಇಡಿ. ಓದಿದ್ದವರಿಗೆ ಬೇಕಾಗಿದ್ದದ್ದು 6ರಿಂದ 8ನೇ ತರಗತಿಯ ಪತ್ರಿಕೆ-2. ಇನ್ನೊಬ್ಬರು ನನ್ನ ತಂದೆಯ ವಯಸ್ಸಿಗೆ ಹತ್ತಿರವಿದ್ದ ಮೇಷ್ಟ್ರು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ, ಸೇವೆಯಲ್ಲಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಗಾಬರಿಯಾಗಿ ಬಂದವರು. ಅವರಿಂದ ‘ಸೇವಾನಿರತರ ವಿಶೇಷ ಮಾರ್ಗದರ್ಶನ’ ಎಂದು ನಮಗಿಂತ 3,000 ರೂಪಾಯಿ ಹೆಚ್ಚು ತೆಗೆದುಕೊಂಡಿದ್ದರು. ಅವರಿಗೆ ಕೊಟ್ಟದ್ದೂ ಅದೇ 140 ಪುಟ. ಮೇಷ್ಟ್ರು ಜಗಳವಾಡಲಿಲ್ಲ, ‘ಹೋಗಲಿ ಬಿಡಮ್ಮ, ಈ ವಯಸ್ಸಿನಲ್ಲಿ ಟ್ಯೂಷನ್‌ಗೆ ಹೋಗಿದ್ದೆ ಎಂದು ಯಾರಿಗೆ ಹೇಳಲಿ’ ಎಂದರು. ಇಂಥವರ ಮೌನದ ಮೇಲೆಯೇ ಆ ಅಂಗಡಿ ನಡೆಯುತ್ತಿದೆ.

ಸೇರುವುದೇ ಆದರೆ ಹಣ ವಾಪಸಿನ ನಿಯಮಗಳನ್ನು ಹಣ ಕಟ್ಟುವ ಮೊದಲೇ ಕಾಗದದಲ್ಲಿ ಕೇಳಿ ಪಡೆಯಿರಿ. ಕೊಡದಿದ್ದರೆ ಎದ್ದು ಬನ್ನಿ. ಬರುವ ಪ್ರಶ್ನೆ ನಮ್ಮಲ್ಲಿವೆ ಎನ್ನುವವರ ಕರೆಯನ್ನು ಕತ್ತರಿಸಿ. ಎಲ್ಲ ತರಗತಿಗಳ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿವೆ, ಹಳೆಯ ಪತ್ರಿಕೆಗಳಿಗೂ ಯಾರೂ ಹಣ ಕೊಡಬೇಕಾಗಿಲ್ಲ. ಉತ್ತರ ನೋಡುವಾಗ ಅಂತಿಮ ಕೀಯನ್ನೇ ನೋಡಿ (ಈ ಪಾಠಕ್ಕೆ ನಾನು ತೆತ್ತ ಶುಲ್ಕ ನಿಮಗೆ ಗೊತ್ತಿದೆ). ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ, ರ‍್ಯಾಂಕಿನ ಪೈಪೋಟಿಯೂ ಇಲ್ಲದ ಅರ್ಹತಾ ಪರೀಕ್ಷೆ ಇದು. ‘ಟಿಇಟಿ ಆದರೆ ಕೆಲಸ ಆದಂತೆ’ ಎನ್ನುವವರನ್ನೂ ನಂಬಬೇಡಿ, ನೇಮಕಾತಿಗೆ ಬೇರೆಯೇ ಅಧಿಸೂಚನೆ, ಬೇರೆಯೇ ಪರೀಕ್ಷೆ ಇರುತ್ತದೆ. ಕೋಚಿಂಗ್ ಕೇಂದ್ರಗಳು ಪರೀಕ್ಷೆಯಲ್ಲಿ ಪಾಸಾಗುವ ಖಾತರಿ ಕೊಟ್ಟು ಜಾಹೀರಾತು ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಇದು ನನಗೆ ತಿಳಿದದ್ದು ಹಣ ಹೋದ ಮೇಲೆ.

ಅದು ತಿಳಿದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. 2,500 ರೂಪಾಯಿಯ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ದೂರಿನ ಸಂಖ್ಯೆಯನ್ನು ಕೋಚಿಂಗ್‌ನವರಿಗೆ ಕಳುಹಿಸಿದ ಮರುದಿನ, ಮತ್ತೆ ‘ಮೇಡಂ’ ಎಂದು ಶುರುಮಾಡಿ, ದೂರು ಹಿಂತೆಗೆದುಕೊಂಡರೆ 4,000 ರೂಪಾಯಿಯನ್ನು ಮುಂದಿನ ಬ್ಯಾಚಿನ ಶುಲ್ಕದಲ್ಲಿ ಹೊಂದಿಸಿಕೊಡುತ್ತೇವೆ ಎಂದು ಬರೆದಿದ್ದಾರೆ. ನಾನು ಉತ್ತರಿಸಿಲ್ಲ. ಇಂದಿನವರೆಗೆ ಒಂದು ರೂಪಾಯಿಯೂ ವಾಪಸ್ ಬಂದಿಲ್ಲ. ಈ ಬರಹ ಮುಗಿಸಿ, ಯಜಮಾನರಿಗೆ ಪೂರ್ತಿ ಮೊತ್ತವನ್ನು ಹೇಳಲು ಹೋಗುತ್ತಿದ್ದೇನೆ.